ಓರೆ ಬೆಳಕು

ನವೆಂಬರಿನ ರೀಗಾದಲ್ಲಿ ಹಗಲೆಂಬುದು
ಪಕ್ಕದ ಮನೆಯಿಂದ ಕಡ ತಂದ ಸಕ್ಕರೆ.
ನಾಲ್ಕಕ್ಕೆ ಮುಗಿದುಹೋಗುತ್ತದೆ.
ಹಾಗಾಗಿ ನನ್ನದು ದೀಪದ ಕಸುಬು:
ಎರಡು ಬಲ್ಬು, ಕರಿ ಮಖಮಲ್ಲಿನ ತುಂಡು,
ಕತ್ತು ಕೆಳಗೆ ಹಾಕಿ ನೇತುಬಿದ್ದ ಕ್ಯಾಮೆರಾ,
ನಲವತ್ತೈದು ಡಿಗ್ರಿಗೆ ವಾಲಿಸಿದ ಒಂದು ಗಾಜು.
ಅಜ್ಜನ ಫೋಟೊದ ಚೌಕಟ್ಟಿನಿಂದ ಕಳಚಿದ್ದು ಅದು.

ಬೆಳ್ಳಿಯ ಫೋಟೊ ತೆಗೆಯುವುದೆಂದರೆ
ಕನ್ನಡಿಯ ಫೋಟೊ ತೆಗೆದಂತೆ.
ಲೆನ್ಸಿನ ಕಪ್ಪು ಕಣ್ಣು, ನನ್ನ ಮೂಗು, ಹಸಿರು ಸ್ವೆಟರು
ಎಲ್ಲ ಹೋಗಿ ರಾಣಿಯರ ಹಣೆಯ ಮೇಲೆ ಕೂರುತ್ತವೆ.
ಇಪ್ಪತ್ತು ವರ್ಷದಲ್ಲಿ ಕಲಿತದ್ದು ಇಷ್ಟೇ:
ಅಲ್ಲೇ ಇದ್ದೂ ಇಲ್ಲದಿರುವುದು.

ಬರುವವರದ್ದೆಲ್ಲ ಒಂದೇ ಬೇಡಿಕೆ.
ಗೀರು ಕಾಣಬಾರದು, ಸವಕಲು ಕಾಣಬಾರದು,
ಹರಾಜಿನ ಪುಟದಲ್ಲಿ ಅದು ಟಂಕಸಾಲೆಯಿಂದ
ಈಗಷ್ಟೇ ಬಿಸಿಬಿಸಿ ಬಿದ್ದಂತಿರಬೇಕು.
ನಾನು ಸುಳ್ಳು ಹೇಳುವುದಿಲ್ಲ.
ದೀಪವನ್ನು ಎರಡು ಬೆರಳು ಮೇಲೆತ್ತುತ್ತೇನೆ, ಅಷ್ಟೆ.

ಸ್ಕೈದ್ರೀತೆ ಬಂದದ್ದು ಮಂಗಳವಾರ. ವಯಸ್ಸು ಎಂಬತ್ತಾರು.
ಕೈಚೀಲದಲ್ಲಿ ಕರಿ ಬ್ರೆಡ್ಡು, ಅದರಡಿ ಕರವಸ್ತ್ರ,
ಕರವಸ್ತ್ರದೊಳಗೆ ಐದು ಲಾಟ್. ಯುದ್ಧಕ್ಕೂ ಮುಂಚಿನ ದುಂಡು ಬೆಳ್ಳಿ,
ಜಡೆ, ತೆನೆ, ಪಕ್ಕಕ್ಕೆ ತಿರುಗಿದ ಹೆಣ್ಣುಮುಖ.
ಹಿಂಬದಿಗೆ ಯಾರೋ ಪಿನ್ನು ಬೆಸೆದು ಕಿತ್ತ ಕಲೆ.
ಹಲ್ಲುಪುಡಿ ಹಾಕಿ ತಿಕ್ಕಿದ ಸಾವಿರ ಗೀರು.
ಕೆನ್ನೆಯಂತೂ ಇಲ್ಲವೇ ಇಲ್ಲ. ಕರಗಿ ಉಳಿದ ಸೋಪಿನ ಚೂರು.
"ಇದಕ್ಕೆ ತೂಕದ ಬೆಲೆ ಬಂದರೆ ಹೆಚ್ಚು," ಎಂದೆ.
"ಬೆಲೆ ಕೇಳಿದೆನೇ?"

ಅಂಚಿನ ಅಕ್ಷರಗಳ ಸಂದಿಯಲ್ಲೊಂದು ಕೆಂಪು ಎಳೆ.
ರಬ್ಬರಿನ ಬುರುಡೆ ಒತ್ತಿ ಊದಲು ಹೋದೆ.
ಮಣಿಕಟ್ಟು ಹಿಡಿದಳು.

ಆಮೇಲೆ ಹೇಳಿದ್ದು, ಕೋಟು ಬಿಚ್ಚದೆ, ನಿಂತೇ:
ಸೈನಿಕರು ಬಂದರು. ಹಾಸಿಗೆ ಬಗೆದರು,
ಹಿಟ್ಟಿನ ಡಬ್ಬಿ ಸುರಿದರು, ಒಲೆಯ ಬೂದಿ ಜಾಲಾಡಿದರು.
ಅವ್ವ ಮೂಲೆಯಲ್ಲಿ ಕೈಗವಸು ಹೆಣೆಯುತ್ತಲೇ ಇದ್ದಳು.
ಮಡಿಲಿನಿಂದ ನೂಲಿನುಂಡೆ ಜಾರಿತು, ಉರುಳಿತು,
ಒಬ್ಬನ ಬೂಟಿಗೆ ತಾಗಿ ನಿಂತಿತು.
ಅವನೇ ಎತ್ತಿ ಕೊಟ್ಟ. ಇನ್ನೂ ಹುಡುಗ.
ಭಾರ ಗೊತ್ತಾಗಿರಲೇಬೇಕು.
ಏನೂ ಅನ್ನಲಿಲ್ಲ.

ಪ್ರತಿ ಚಳಿಗಾಲ ಉಂಡೆ ಕರಗಿ ನಾಣ್ಯ ಹೊರಬಿದ್ದಾಗ
ಅವ್ವ ದೀಪ ಸಣ್ಣ ಮಾಡಿ, ಆ ಕೆನ್ನೆಯನ್ನು
ಹೆಬ್ಬೆರಳಲ್ಲಿ ಸವರಿ, ಹೊಸ ನೂಲು ಸುತ್ತುತ್ತಿದ್ದಳು.
ನಲವತ್ತು ಚಳಿಗಾಲ.
ತೊಂಬತ್ತೊಂದರಲ್ಲಿ ಅಕ್ಕ ವಿಲ್ಮಾ ಪಿನ್ನು ಹಾಕಿಸಿ
ಎದೆಗೆ ಧರಿಸಿ ಬೀದಿಗಿಳಿದಳು.
ಅವ್ವ ಮೂರು ತಿಂಗಳು ಅವಳ ಜೊತೆ ಮಾತಾಡಲಿಲ್ಲ.
"ಆ ಸವೆತದ ಫೋಟೊ ಬೇಕು ನನಗೆ. ನಾಣ್ಯದ್ದಲ್ಲ."

ಸವೆತಕ್ಕೆ ಬೆಳಕು ಹೇಗಿಡುವುದು?
ಏನಾದರೂ ಇದ್ದರೆ ತಾನೆ ನೆರಳು ಬೀಳುವುದು.
ಗಾಜು ತೆಗೆದಿಟ್ಟೆ. ಒಂದು ದೀಪ ಆರಿಸಿದೆ.
ಇನ್ನೊಂದನ್ನು ಮೇಜಿನ ಮಟ್ಟಕ್ಕೆ ಇಳಿಸಿದೆ.
ಓರೆಗಲ್ಲು ಬೆಳ್ಳಿಯನ್ನು ಬೆಳ್ಳಿಯೆಂದು ಸುಮ್ಮನಾಗುತ್ತದೆ,
ಓರೆ ಬೆಳಕಿಗೆ ಬಾಯಿ ಜಾಸ್ತಿ.
ತೆನೆಯ ಕಾಳುಕಾಳಿಗೂ ನೆರಳು, ಜಡೆಗೆ ನೆರಳು,
ತುಟಿಯ ಕೊನೆಗೊಂದು ಚೂರು ನೆರಳು; ನಡುವೆ
ನೆರಳೇ ಇಲ್ಲದ ಒಂದು ಬಯಲು,
ಹೆಬ್ಬೆರಳಗಲ.

ಆ ಬಯಲಲ್ಲಿ ಏನೋ ಕದಲಿತು.
ಬಗ್ಗಿ ನೋಡುತ್ತಿದ್ದ ಸ್ಕೈದ್ರೀತೆಯ ಮಂಕು ಮುಖ.
ಸ್ವಲ್ಪ ಹಿಂದೆ ಸರಿಯಿರಿ ಎನ್ನಬೇಕಿತ್ತು.
ಬಟನ್ ಒತ್ತಿದೆ.

ಮೂರು ಪ್ರತಿ ಕೇಳಿದಳು. ಚಿಲ್ಲರೆ ಯೂರೋ ಎಣಿಸಿಟ್ಟಳು.
ಪ್ರಿಂಟು ಬರುವತನಕ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು
ಚೀಲದಿಂದ ಬೂದುಬಣ್ಣದ ನೂಲು ತೆಗೆದು
ನಾಣ್ಯಕ್ಕೆ ಸುತ್ತತೊಡಗಿದಳು.
"ಈಗ ಯಾರ ಹೆದರಿಕೆ?" ಎಂದೆ.
ಹೊರಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
"ನೂಲಿಗೆ ನಡುವೆ ಏನಾದರೂ ಬೇಕಲ್ಲ," ಎಂದಳು.